ಪಾರ್ಕ್ ನಿಮ್ಮದೇ, ಲೆಕ್ಕ ನಮ್ಮದು

(ಬೆಂಗಳೂರಿನ ಇಂದಿರಾನಗರದ ಒಂದು ಪಾರ್ಕು. ರಾಜ್ಯೋತ್ಸವದ ಆರ್ಕೆಸ್ಟ್ರಾ ಮುಗಿದಿದೆ. ಸ್ಟಾಲ್ ಬಾಡಿಗೆ ಬಂದಿದೆ, ಹುಲ್ಲು ಹೋಗಿದೆ.)

ಸೆಕ್ರೆಟರಿ: ರಾಯರೇ, ಬಂದ ದುಡ್ಡೆಲ್ಲ ಪಾರ್ಕಿಗೇ. ಹೇಗೆ ಖರ್ಚು ಮಾಡೋದು, ನೀವೇ ಹೇಳಿ.

ರಾಯರು: ಮೊದಲು ಹುಲ್ಲು ಹಾಕಿಸಪ್ಪ. ಆಮೇಲೆ ಬೆಂಚು ರಿಪೇರಿ.

ಸೆಕ್ರೆಟರಿ: ಒಳ್ಳೇ ಸಲಹೆ, ಬರಕೊಂಡೆ. ಆದರೆ ಗೇಟಿನ ಕಮಾನಿಗೆ ಆಗಲೇ ಅಡ್ವಾನ್ಸ್ ಕೊಟ್ಟಾಗಿದೆ.

ರಾಯರು: ನಮ್ಮನ್ನ ಕೇಳೋಕೆ ಮುಂಚೇನೇ?

ಸೆಕ್ರೆಟರಿ: ಕಮಾನಿನ ಬಣ್ಣ ಯಾವುದು ಅಂತ ಕೇಳ್ತೀವಲ್ಲ ಸಾರ್, ಅದೇ ಜನರ ಸಹಭಾಗಿತ್ವ!

ರಾಯರು: ವಾರ್ಡ್ ಸಮಿತಿ ಮುಂದೆ ಇಡಬೇಕಿತ್ತು. ಸಂವಿಧಾನದ 1992ರ 74ನೇ ತಿದ್ದುಪಡಿಯಲ್ಲೇ ಇದೆಯಲ್ಲ.

ಸೆಕ್ರೆಟರಿ: ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿಗೇ ಮುಗೀತು. 2025ರಲ್ಲಿ ಒಂದಿದ್ದ ಪಾಲಿಕೆ ಐದಾಯ್ತು. ಯಾವ ಬಾಗಿಲು ಬಡಿಯಲಿ?

ರಾಯರು: ಯಾವುದೂ ಬೇಡ. ಲೆಕ್ಕ ಬರೆದು ಪಾರ್ಕಿನಲ್ಲೇ ಅಂಟಿಸು, ಜನ ಓದಲಿ.

ಸೆಕ್ರೆಟರಿ: ಅಂಟಿಸಬಹುದಿತ್ತು. ನೋಟಿಸ್ ಬೋರ್ಡಿಗೆ ದುಡ್ಡು ಉಳಿದಿಲ್ಲ.

ರಾಯರು: ಹಾಗಾದರೆ ಹುಲ್ಲು?

ಸೆಕ್ರೆಟರಿ: ಹುಲ್ಲಿನ ಸಹಾಯಾರ್ಥ ಇಲ್ಲೇ ಇನ್ನೊಂದು ಆರ್ಕೆಸ್ಟ್ರಾ ಇಟ್ಟಿದ್ದೀವಲ್ಲ! ಮೊದಲ ಟಿಕೆಟ್ ನಿಮ್ಮ ಹೆಸರಿಗೇ ಹರಿದಿದ್ದೀನಿ, ತಗೊಳ್ಳಿ.