ವಾಗ್ದಾನದ ತಟ್ಟೆ

ಡಿಸೆಂಬರ್ 31ರ ರಾತ್ರಿ ನಮ್ಮ ಪ್ರಾಟೆಸ್ಟೆಂಟ್ ದೇವಾಲಯಗಳಲ್ಲಿ ಕೂರಲು ಜಾಗ ಸಿಗುವುದಿಲ್ಲ. ಭಾನುವಾರವೆಂದರೆ ಮಟನ್ ಅಂಗಡಿಯ ಸಾಲು ಎಂದು ವರ್ಷವಿಡೀ ನಂಬಿದವರೂ ಅಂದು ಕೋಟು, ರೇಷ್ಮೆ ಸೀರೆಯಲ್ಲಿ ಹತ್ತೂವರೆಗೇ ಬಂದು ಮುಂದಿನ ಬೆಂಚು ಹಿಡಿದಿರುತ್ತಾರೆ. ಭಕ್ತಿ ಉಕ್ಕಿತೆಂದು ಹೊಸ ಸಭಾಪಾಲಕರು ಹಿಗ್ಗುವುದುಂಟು. ಹಳಬರು ಹಿಗ್ಗುವುದಿಲ್ಲ. ಜನ ಬಂದಿರುವುದು ಪ್ರಸಂಗಕ್ಕಲ್ಲ, ಕೊನೆಗೆ ಬರುವ ತಟ್ಟೆಗೆ ಎಂದು ಅವರಿಗೆ ಗೊತ್ತು.

ಕ್ರೈಸ್ತರಲ್ಲದ ಓದುಗರಿಗೆ ಈ ತಟ್ಟೆಯ ಮಹಿಮೆ ಹೇಳಬೇಕು. ಉಳಿದ ದಿನ ಕಾಣಿಕೆ ಎತ್ತುವ ತಟ್ಟೆಯೇ ಇದು. ಈ ಒಂದು ರಾತ್ರಿ ಮಾತ್ರ ಕೊಡಲು ಬರುತ್ತದೆ. ಅದರ ತುಂಬ ಮುಖ ಕೆಳಗಾಗಿಟ್ಟ ಪುಟ್ಟ ಕಾರ್ಡುಗಳು. ಪ್ರತಿಯೊಂದರಲ್ಲೂ ಒಂದು ಗುಲಾಬಿ ಇಲ್ಲವೇ ಪಾರಿವಾಳ, ಪಕ್ಕದಲ್ಲಿ ಬೈಬಲಿನ ಒಂದು ವಚನ. ಹನ್ನೆರಡರ ಗಂಟೆ ಬಾರಿಸಿದ ಮೇಲೆ ಕಣ್ಣು ಮುಚ್ಚಿ ಒಂದನ್ನು ಎತ್ತಿದರೆ ಅದೇ ಹೊಸ ವರ್ಷಕ್ಕೆ ದೇವರು ನಿಮಗೆಂದೇ ಕೊಟ್ಟ ವಾಗ್ದಾನ. ಫ್ರಿಜ್ಜಿನ ಬಾಗಿಲಲ್ಲೋ ಕಾರಿನ ಡ್ಯಾಶ್‌ಬೋರ್ಡಿನ ಮೇಲೋ ಅದು ವರ್ಷ ಕಳೆಯುತ್ತದೆ. ಕಣ್ಣು ಮುಚ್ಚಿ ಎಂದೆನೇ? ಮುಚ್ಚಿದಂತೆ ಕಾಣುವಷ್ಟು. ನಮ್ಮ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರಿಗೆ ತಾಳ್ಮೆಯ ವಚನ ಬಂತು. "ಅಯ್ಯ, ಇದು ಹೋದ ವರ್ಸಾನೂ ಬಂದಿತ್ರೀ, ಇನ್ನೊಂದ ತಗೋತೀನಿ" ಎಂದು ದೇವರ ಮಾತನ್ನು ತಟ್ಟೆಗೆ ಮರಳಿಸಿ, ಎರಡನೆಯ ಸಲ ಸಮೃದ್ಧಿ ಸಿಕ್ಕ ಮೇಲೆ ಗಟ್ಟಿಯಾಗಿ ಆಮೆನ್ ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಗಿಳಿಶಾಸ್ತ್ರ ಹೇಳುವವನ ಮುಂದೆ ಕುಕ್ಕರಗಾಲಲ್ಲಿ ಕೂತವರನ್ನು ಕಂಡು, ಅಯ್ಯೋ ಮೂಢನಂಬಿಕೆಯೇ ಎಂದು ಮರುಗುವವರು ನಾವೇ. ಗಿಳಿಯಾದರೂ ಪ್ರಾಮಾಣಿಕ ಪಕ್ಷಿ, ಒಮ್ಮೊಮ್ಮೆ ಶನಿಯ ಚೀಟಿಯನ್ನೂ ಎಳೆಯುತ್ತದೆ. ಪಕ್ಕದ ಮನೆಯವರ ಯುಗಾದಿ ಪಂಚಾಂಗದಲ್ಲಿ ಆಯದ ಪಕ್ಕದಲ್ಲಿ ವ್ಯಯ ಎಂಬ ಅಂಕಣವೂ ಇರುತ್ತದೆ. ನಮ್ಮ ತಟ್ಟೆಯಲ್ಲಿ ಬರೀ ಆಯ. ಬಾಯಿ ತೆರೆದರೆ ಗದರುವ ಪ್ರವಾದಿಗಳೇ ತುಂಬಿರುವ ಗ್ರಂಥದಿಂದ ಒಂದೇ ಒಂದು ಗದರಿಕೆಯೂ ಒಳಬಾರದಂತೆ ಇಷ್ಟು ಕಾರ್ಡು ಆರಿಸಿದ ಪುಣ್ಯಾತ್ಮ ಯಾರೋ, ಅವನ ಕೈಚಳಕಕ್ಕೆ ಶರಣು.

ಅತಿ ಹೆಚ್ಚು ಬೇಡಿಕೆಯ ಕಾರ್ಡು ಧರ್ಮೋಪದೇಶಕಾಂಡದ 28ನೇ ಅಧ್ಯಾಯದ್ದು: ದೇವರು ನಿನ್ನನ್ನು ಬಾಲ ಮಾಡದೆ ತಲೆ ಮಾಡುತ್ತಾನೆ ಎಂಬರ್ಥದ ಮಾತು. ಪ್ರಮೋಷನ್ನಿಗೆ ಕಾದಿರುವ ಹೆಡ್ ಕ್ಲಾರ್ಕಿಗೆ ಇದಕ್ಕಿಂತ ಸ್ಪಷ್ಟ ಆದೇಶ ಬೇಕೇ? ಆ ಅಧ್ಯಾಯದಲ್ಲಿ ಆಶೀರ್ವಾದ ಇರುವುದು ಮೊದಲ 14 ವಚನಗಳಲ್ಲಿ, ಅದೂ ಆಜ್ಞೆಗಳನ್ನು ಪಾಲಿಸಿದರೆ ಎಂಬ ಷರತ್ತಿನ ಮೇಲೆ. 15ರಿಂದ 68ರವರೆಗೆ ಸಾಲು ಸಾಲು ಶಾಪ. ಈ 54 ವಚನಗಳಿಗೆ ಹೊಂದುವ ಗುಲಾಬಿಯ ಚಿತ್ರ ಸಿಗಲಿಲ್ಲವೆಂದು ಕಾಣುತ್ತದೆ.

ಎರಡನೆಯದು ಯೆರೆಮೀಯ 29:11. ನಿಮ್ಮ ಬಗ್ಗೆ ನನಗಿರುವುದು ಹಿತದ ಯೋಚನೆ, ನಿಮಗೊಂದು ಭವಿಷ್ಯವಿದೆ ಎಂದು ದೇವರು ಹೇಳುವ ಜಾಗ. ವೀಸಾ ಅರ್ಜಿ ಹಾಕಿದ ಯಾವ ಕ್ರೈಸ್ತ ಹುಡುಗನ ಮೊಬೈಲಿನಲ್ಲಿ ಇದು ಇಲ್ಲ, ಹೇಳಿ? ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದ. ಸದ್ಯಕ್ಕೆ ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಶತ್ರುವಿನ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎನ್ನುತ್ತದೆ ಕಾಗದ. ಅಂದರೆ ಇದು ವೀಸಾ ಸಿಗದವನಿಗೆ ಬರೆದದ್ದು. ಬಿಡುಗಡೆಗೆ ಎಪ್ಪತ್ತು ವರ್ಷ ಎಂದು ಸ್ವಲ್ಪ ಹಿಂದೆ, 10ನೇ ವಚನದಲ್ಲೇ ಇದೆ. ಓದಿದವರಲ್ಲಿ ಬಹುಪಾಲು ಜನ ಅದನ್ನು ಕಾಣುವ ಮೊದಲೇ ಮಣ್ಣಾಗುತ್ತಿದ್ದರು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಆಗ ಸಾರಿದವನೂ ಒಬ್ಬನಿದ್ದ, ಹನನ್ಯ ಎಂದು. ಹಿಂದಿನ ಅಧ್ಯಾಯದಲ್ಲಿ ಬರುತ್ತಾನೆ. ಜನಕ್ಕೆ ಬಹಳ ಹಿಡಿಸಿರಬೇಕು. ಬೈಬಲ್ ಅವನನ್ನು ಸುಳ್ಳು ಪ್ರವಾದಿ ಎನ್ನುತ್ತದೆ. ಇವತ್ತಾಗಿದ್ದರೆ ಅವನದೊಂದು ಯೂಟ್ಯೂಬ್ ಚಾನೆಲ್ ಇರುತ್ತಿತ್ತು.

ಮೂರನೆಯದು 91ನೇ ಕೀರ್ತನೆ. ದೂತರು ನಿನ್ನ ಕಾಲು ಕಲ್ಲಿಗೆ ತಗಲದಂತೆ ಎತ್ತಿ ಹಿಡಿಯುವರು ಎಂಬ ಭರವಸೆ. ಹೊಸ ಕಾರು ಕೊಂಡವರಿಗೆ ವಿಮೆಯ ಪಾಲಿಸಿಗಿಂತ ಹೆಚ್ಚು. ಈ ವಚನವನ್ನು ಮೇಲಿನ ಸಾಲು, ಕೆಳಗಿನ ಸಾಲು ಬಿಟ್ಟು ವಾಗ್ದಾನದ ಕಾರ್ಡಿನಂತೆ ಮೊದಲು ಬಳಸಿದವನಾರು ಎಂದು ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ದಾಖಲಿಸಿದೆ. ಸೈತಾನ. ಯೇಸುವನ್ನು ದೇವಾಲಯದ ತುದಿಯ ಮೇಲೆ ನಿಲ್ಲಿಸಿ, ಧುಮುಕು, ಬರೆದಿದೆಯಲ್ಲ ಎಂದು ವಚನಸಹಿತ ಒತ್ತಾಯಿಸಿದ. ಎಲ್ಲಿ ನಿಲ್ಲಿಸಬೇಕೆಂಬುದೂ ಅವನಿಗೆ ಚೆನ್ನಾಗಿ ತಿಳಿದಿತ್ತು. ಕೀರ್ತನೆಯ ಮುಂದಿನ ವಚನದಲ್ಲಿ ಸರ್ಪವನ್ನು ತುಳಿಯುವ ಮಾತಿದೆ.

ತಟ್ಟೆಗೆ ಮೊದಲು ಸಾಕ್ಷಿಯ ಹೊತ್ತು. ವರ್ಷದ ಉಪಕಾರಗಳನ್ನು ನೆನೆದು ದೇವರಿಗೆ ಸ್ತೋತ್ರ ಹೇಳುವುದು. ಒಬ್ಬರಿಗೆ ಮಗಳ ಎಂಬಿಬಿಎಸ್ ಸೀಟು, ಇನ್ನೊಬ್ಬರಿಗೆ ಬೇಕಾದ ಊರಿಗೇ ವರ್ಗ. ಮತ್ತೊಬ್ಬರು ಮೂರನೇ ಅಂತಸ್ತು ಎಬ್ಬಿಸಿದ್ದಾರೆ. ಸಿಮೆಂಟಿನ ದರ ಏರುವ ಮೊದಲೇ ಕಟ್ಟಿಸಿದ ದೇವರ ಕೃಪೆಯನ್ನು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು. ಅದಕ್ಕಾಗಿ ಅಕ್ಟೋಬರಿನಲ್ಲಿ ಮನೆ ಬಿಡಿಸಿಕೊಂಡ ಬಾಡಿಗೆಯವರು ನಾಲ್ಕು ಬೆಂಚು ಹಿಂದೆ ಕೂತು ಅವರೂ ಸ್ತೋತ್ರ ಎಂದರು, ಸ್ವಲ್ಪ ತಡವಾಗಿ. ಬೆಳೆ ಚೆನ್ನಾಗಿ ಬಂತೆಂದು ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಸಾಹುಕಾರನ ಕಥೆ ಲೂಕನ 12ನೇ ಅಧ್ಯಾಯದಲ್ಲಿದೆ. ಬುದ್ಧಿಗೇಡಿ, ಈ ರಾತ್ರಿಯೇ ನಿನ್ನ ಪ್ರಾಣ ಹೋಗುತ್ತದೆ ಎಂದು ದೇವರು ಅವನಿಗೆ ಹೇಳುತ್ತಾನೆ. ವರ್ಷಾಂತ್ಯದ ರಾತ್ರಿಗೆ ಇದಕ್ಕಿಂತ ಸರಿಯಾದ ಪಾಠ ಇನ್ನೊಂದಿಲ್ಲ, ಆದರೆ ಸಭಾಪಾಲಕರೂ ಸಂಸಾರಸ್ಥರು. ಕಟ್ಟಡ ನಿಧಿಗೆ ದೊಡ್ಡ ಮೊತ್ತ ಬರೆಸಿದವರೂ ಆ ಮೂರನೇ ಅಂತಸ್ತಿನವರೇ.

ಚೀಟಿ ಎತ್ತುವುದೇ ತಪ್ಪು ಎನ್ನುತ್ತಿಲ್ಲ. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ನರೆಂಬ ಪ್ರಾಟೆಸ್ಟೆಂಟ್ ಪಂಗಡದ ನಾಯಕ ಜಿನ್ಜೆಂಡಾರ್ಫ್ 1728ರ ಮೇ ತಿಂಗಳ ಒಂದು ಸಂಜೆ ಮರುದಿನಕ್ಕೆಂದು ಒಂದು ಧ್ಯಾನವಾಕ್ಯ ಕೊಟ್ಟ; ಅದು ಮನೆಮನೆಗೆ ಮುಟ್ಟಿತು. 1731ರಿಂದ ಇಂಥ ವಾಕ್ಯಗಳು ವರ್ಷಕ್ಕೊಂದು ಪುಸ್ತಕವಾಗಿ ಅಚ್ಚಾಗುತ್ತಿವೆ, ಈಗಲೂ ವಚನಗಳನ್ನು ಚೀಟಿ ಎತ್ತಿಯೇ ಆರಿಸುತ್ತಾರೆ. ಆದರೆ ಅಲ್ಲಿ ಊರಿಗೆಲ್ಲ ಒಂದೇ ವಚನ. ಧಣಿಗೂ ಅದೇ, ಅವನ ಆಳಿಗೂ ಅದೇ. ಹಾಗೆ ಮಾಡಿದರೆ ನಮ್ಮಲ್ಲಿ ಮನೆ ಮಾಲೀಕರಿಗೂ ಬಾಡಿಗೆಯವರಿಗೂ ಒಂದೇ ವಾಗ್ದಾನ ಬಂದು ಪೇಚಾದೀತು.

ಈ ರಾತ್ರಿ ಜಾಗರಣೆಯ ಮೂಲವೂ ಸ್ವಾರಸ್ಯದ್ದೇ. 1740ರ ದಶಕದ ಇಂಗ್ಲೆಂಡಿನಲ್ಲಿ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಕಾರ್ಮಿಕರು ಹಿಂದೆ ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದ ರಾತ್ರಿಗಳನ್ನು ಪ್ರಾರ್ಥನೆಯಲ್ಲಿ ಕಳೆಯತೊಡಗಿದರು. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಅದನ್ನೇ ಪದ್ಧತಿಯಾಗಿ ಬೆಳೆಸಿದ. ನಮ್ಮ ಯುವಕರು ಎರಡನ್ನೂ ಬಿಡದೆ, ಹನ್ನೆರಡೂವರೆಯ ನಂತರದ ಕಾರ್ಯಕ್ರಮವನ್ನು ಬೇರೆ ಇಟ್ಟುಕೊಂಡಿರುತ್ತಾರೆ. ಅದೇ ವೆಸ್ಲಿ 1755ರಲ್ಲಿ ಒಡಂಬಡಿಕೆಯ ಆರಾಧನೆ ಎಂಬ ಇನ್ನೊಂದನ್ನೂ ಆರಂಭಿಸಿದ. ಅದರ ಪ್ರಾರ್ಥನೆಯಲ್ಲಿ ಬೇಡಿಕೆಯೇ ಇಲ್ಲ. ಕೆಲಸ ಕೊಟ್ಟರೂ ಸರಿ, ಮೂಲೆಗಿಟ್ಟರೂ ಸರಿ, ತುಂಬಿಸಿದರೂ ಬರಿದು ಮಾಡಿದರೂ ನಾನು ನಿನ್ನವನು ಎಂಬ ಧಾಟಿ ಅದರದು. 1947ರಲ್ಲಿ ವೆಸ್ಲಿಯವರ ಪರಂಪರೆಯೂ ಸೇರಿ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದಾಗ ಈ ಆಸ್ತಿಯೂ ನಮ್ಮ ಪಾಲಿಗೆ ಬಂತು. ಜನವರಿಯ ಮೊದಲ ಭಾನುವಾರ ಅನೇಕ ಸಭೆಗಳಲ್ಲಿ ಇದು ನಡೆಯುತ್ತದೆ. ಅಂದು ಬೆಂಚುಗಳ ಮೇಲೆ ಮಲಗಬಹುದು, ಅಷ್ಟು ಜಾಗ. ಮಟನ್ ಅಂಗಡಿಯ ಸಾಲು ಮತ್ತೆ ಶುರುವಾಗಿರುತ್ತದೆ.

ಬಡಾವಣೆಗಳ ಸ್ವತಂತ್ರ ಸಭೆಗಳು ನಮ್ಮನ್ನೂ ಮೀರಿಸಿವೆ. ಅಲ್ಲಿ ವಾಗ್ದಾನ ಕ್ಯಾಲೆಂಡರಿನ ರೂಪದಲ್ಲಿ ಬರುತ್ತದೆ: ಮೇಲೆ ಸೂಟು ತೊಟ್ಟ ಪಾಸ್ಟರು ಮತ್ತು ಅವರ ಶ್ರೀಮತಿ, ನಡುವೆ ವಚನ, ಕೆಳಗೆ ಗೂಗಲ್ ಪೇ ನಂಬರು. ಯೇಸುವಿಗೆ ಜಾಗ ಉಳಿದಿರುವುದಿಲ್ಲ. ಬೆತ್ಲೆಹೇಮಿನಲ್ಲೂ ಇರಲಿಲ್ಲ ಬಿಡಿ.

ಈ ಸಲ ಪಾಸ್ಟೊರೇಟ್ ಕಮಿಟಿಯಲ್ಲಿ ಒಂದು ಸೂಚನೆ ಮಂಡಿಸಿದೆ. ಕಾರ್ಡಿನ ಹಿಂಬದಿ ಹೇಗೂ ಖಾಲಿ. ಅಲ್ಲಿ ಆ ವಚನದ ಹಿಂದಿನ, ಮುಂದಿನ ವಚನಗಳನ್ನೂ ಅಚ್ಚು ಹಾಕೋಣ, ಖರ್ಚೇನೂ ಹೆಚ್ಚಿಲ್ಲ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಖಜಾಂಚಿಯವರು, "ಸರ, ಹಿಂದಿನ ಸೈಡು ಖಾಲಿ ಇಲ್ರೀ. ಜ್ಯುವೆಲರಿ ಅಂಗಡಿಯವರು ಜಾಹೀರಾತಿಗೆ ತಗೊಂಡಾರ" ಎಂದರು.