ರಾಜಕೀಯ ಮುಖಮುದ್ರಾ ಮೀಮಾಂಸೆ: ಪೂರ್ವಪೀಠಿಕೆಗೊಂದು ಮುನ್ನುಡಿ

ರಾಜಕಾರಣಿಯ ಮುಖವೆಂಬ ಬಹುಸ್ತರೀಯ ಪಠ್ಯವನ್ನು ಅಂತರ್‌ಶಿಸ್ತೀಯ ನೆಲೆಗಟ್ಟಿನಲ್ಲಿ ನಿರಚನೆಗೊಳಪಡಿಸುವುದು ಪ್ರಸ್ತುತ ಸಂಪ್ರಬಂಧದ ವಿನಮ್ರ ಉಪಕ್ರಮವಾಗಿರುತ್ತದೆ. ಇಲ್ಲಿ ‘ಮುಖ’ವೆಂದರೆ ಹಣೆಯಿಂದ ಗದ್ದದವರೆಗಿನ ಭೂಭಾಗ. ‘ಮುಖವಾಡ’ವೆಂದರೂ ಅದೇ.

ಪೂರ್ವಸೂರಿಗಳ ಸ್ಮರಣೆ ವಾಡಿಕೆ. ಭರತಮುನಿ ನಾಟ್ಯಶಾಸ್ತ್ರದಲ್ಲಿ 36 ದೃಷ್ಟಿಭೇದ, 7 ಹುಬ್ಬಿನ ಚಲನೆ ಹೇಳಿದ. ಪಾಲ್ ಎಕ್ಮನ್ ಮತ್ತು ವ್ಯಾಲೇಸ್ ಫ್ರೀಸನ್ 1978ರಲ್ಲಿ ಮುಖದ ಒಂದೊಂದು ಚಲನೆಗೂ ನಂಬರು ಹಾಕಿಟ್ಟರು. ಆದರೆ ಮಂತ್ರಿಗಿರಿ ಕೇಳಲು ದೆಹಲಿಗೆ ಹೋಗಿ ಬರಿಗೈಲಿ ವಾಪಸಾದ ಶಾಸಕನನ್ನು ವಿಮಾನ ನಿಲ್ದಾಣದ ಬಾಗಿಲಲ್ಲಿ ಇವರ್ಯಾರೂ ನೋಡಿದವರಲ್ಲ. ಈ ಕೊರತೆ ತುಂಬುವುದೇ ನಮ್ಮ ಅಧ್ಯಯನದ ಉದ್ದೇಶ, ವ್ಯಾಪ್ತಿ, ಮಹತ್ವ ಹಾಗೂ ಮಿತಿ.

ನಗೆ ಹದಿನಾಲ್ಕು ಬಗೆ. ಒಂದು, ಹೈಕಮಾಂಡ್ ನಗೆ: ‘ಎಲ್ಲ ವರಿಷ್ಠರಿಗೆ ಬಿಟ್ಟದ್ದು’ ಎನ್ನುವಾಗ ತುಟಿ ಕಿವಿಯವರೆಗೂ ಹೋಗುತ್ತದೆ, ಕಣ್ಣು ಮಾತ್ರ ಇದ್ದಲ್ಲೇ ಇರುತ್ತದೆ, ದವಡೆಯ ಮೂಲೆಯಲ್ಲೊಂದು ನರ ಪಟಪಟ ಹೊಡೆದುಕೊಳ್ಳುತ್ತದೆ. ಎರಡು, ರೆಸಾರ್ಟ್ ನಗೆ: ಬಸ್ಸಿನ ಕಿಟಕಿಯಲ್ಲಿ ಎರಡು ಬೆರಳೆತ್ತಿ ‘ನಾವೆಲ್ಲ ಒಗ್ಗಟ್ಟಾಗಿದ್ದೇವೆ’ ಎನ್ನುವುದು. ಮೂರು, ವೇದಿಕೆಯಲ್ಲಿ ಪರಸ್ಪರರ ಕೈ ಹಿಡಿದೆತ್ತಿದ ನಗೆ. ಮಿಕ್ಕ ಹನ್ನೊಂದೂ ಇವುಗಳ ನೆಂಟರೇ, ಬಿಡಿ.

ಅಶ್ರುಪ್ರಕರಣಕ್ಕೆ ಬರೋಣ. 2018ರ ಜುಲೈನಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿ ತಮ್ಮನ್ನು ವಿಷಕಂಠನಿಗೆ ಹೋಲಿಸಿಕೊಂಡು ಕಣ್ಣೀರಿಟ್ಟರು. ಮರುವರ್ಷ ಜುಲೈ 23ಕ್ಕೆ ಅವರ ಸರ್ಕಾರ ಬಿತ್ತು. 2021ರ ಜುಲೈ 26ರಂದು ಯಡಿಯೂರಪ್ಪ ತಮ್ಮ ಸರ್ಕಾರದ ಎರಡು ವರ್ಷದ ಸಮಾರಂಭದಲ್ಲೇ ಗದ್ಗದಿತರಾಗಿ ರಾಜೀನಾಮೆ ಘೋಷಿಸಿದರು. ಆದ್ದರಿಂದ ಮುಂಗಾರಿನ ಆರ್ದ್ರತೆಗೂ ಅಧಿಕಾರದ ಆರ್ದ್ರತೆಗೂ ಸಹಸಂಬಂಧವಿದೆಯೆಂಬ ಪ್ರಮೇಯ ಸಿದ್ಧವಾಯಿತು. ಇಷ್ಟೇ ಸಾಕ್ಷ್ಯ ಸಾಕೇ ಎಂದು ಕೇಳುವವರು ಟೀವಿ ನೋಡದವರು.

ಏಕೆಂದರೆ ನಮ್ಮ ವೈಧಾನಿಕತೆಯೆಲ್ಲ ಅಲ್ಲಿಂದಲೇ ಬಂದದ್ದು. ಮೂರು ಸೆಕೆಂಡಿನ ತುಣುಕು, ಮುಖದ ಸುತ್ತ ಕೆಂಪು ವೃತ್ತ, ಮೂಗಿಗೊಂದು ಬಾಣ, ಪಕ್ಕದಲ್ಲಿ ಕೋಟು ತೊಟ್ಟ ತಜ್ಞ. ‘ನೋಡಿ, ಇಲ್ಲಿ ಮೂಗು ಮುಟ್ಕೊಂಡ್ರು!’ ನೆಗಡಿಯಾಗಿರಬಹುದಲ್ಲ ಸ್ವಾಮಿ? ಸಂವಹನದಲ್ಲಿ ಮಾತಿನ ಪಾಲು ಬರೀ ಶೇ. 7 ಎಂದು ಬೇರೆ ಅಪ್ಪಣೆ ಕೊಡಿಸುತ್ತಾರೆ. ಆ ಲೆಕ್ಕ 1967ರ ಆಲ್ಬರ್ಟ್ ಮೆಹ್ರಾಬಿಯನ್ ಪ್ರಯೋಗಗಳದ್ದು. ಭಾವನೆ, ಮೆಚ್ಚುಗೆ ತೋರಿಸುವ ಸಂದರ್ಭಕ್ಕಷ್ಟೇ ಅದು ಸಲ್ಲುತ್ತದೆಂದು ಅವರೇ ಹೇಳಿದ್ದಾರೆ. ಅಷ್ಟು ದೂರ ಓದುವ ಪುರುಸೊತ್ತು ಯಾರಿಗಿದೆ? ಮಾತಿಗೆ ಏಳೇ ಅಂಕವಾದರೆ ಮಂತ್ರಿ ಹೇಳಿದ್ದನ್ನು ಕೇಳುವ ತಾಪತ್ರಯವೂ ತಪ್ಪಿತು.

ನನಗೆ ಮೈ ಉರಿಯುವುದು ಇಲ್ಲೇ. ಮಂತ್ರಿ ಸುಳ್ಳು ಹೇಳಿದನೋ ಇಲ್ಲವೋ ತಿಳಿಯಲು ಹುಬ್ಬು ಅಳೆಯಬೇಕಾಗಿಲ್ಲ. ಹಿಂದಿನ ಬಜೆಟ್ ಪುಸ್ತಕ ತೆಗೆದು ಖರ್ಚಿನ ಲೆಕ್ಕದ ಪಕ್ಕ ಇಟ್ಟರೆ ಸಾಕು. ಬರದ ಲೆಕ್ಕವನ್ನೇ ನೋಡಿ: 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದರು. ರಾಜ್ಯ ಸರ್ಕಾರ ರೈತನಿಗೆ ಮೊದಲ ಕಂತೆಂದು ಕೊಟ್ಟದ್ದು ಗರಿಷ್ಠ 2,000 ರೂಪಾಯಿ. ಕೇಂದ್ರದ ನೆರವಿಗಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ತೆನೆ ಕಟ್ಟದೆ ಒಣಗಿದ ರಾಗಿ ಹೊಲದ ಬದುವಿನಲ್ಲಿ ನಿಂತವನ ಮುಖಕ್ಕೆ ಯಾರಾದರೂ ಕೆಂಪು ವೃತ್ತ ಹಾಕಿದರೇ?

ಒಂದು ಸಂಜೆಯಾದರೂ ನಾಯಕರ ಮುಖ ಬಿಟ್ಟು ಆ ರೈತನ ಪಹಣಿ ತೋರಿಸಿ. ಎಷ್ಟು ಎಕರೆ ಹೋಯಿತು, ಎಷ್ಟು ದುಡ್ಡು ಬಂತು, ಯಾವ ತಿಂಗಳು ಬಂತು. ಕೋಟಿನವರಿಗೆ ಅವತ್ತು ರಜೆ ಕೊಡಿ; ಆ ಕುರ್ಚಿಯಲ್ಲಿ ಊರಿನ ಗ್ರಾಮ ಆಡಳಿತಾಧಿಕಾರಿಯನ್ನು ಕೂರಿಸಿ ಕೇಳಿ.