ಬಿಟ್ಟಿ ಬಾಬತ್ತು

ನನ್ನಾಕೆಯ ಕೈಯ ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕದ ಮೆಣಸಿನಕಾಯಿಗೆ ಮೈಸೂರಿನ ನಮ್ಮ ಬಡಾವಣೆಯಲ್ಲಿ ಮೊದಲಿನಿಂದಲೂ ಹೆಸರು. ಸಾಗರದ ಕಡೆಯವಳು, ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ ಮರದ ಜಾತಕ ಹೇಳುತ್ತಾಳೆ. ನಾನು ಖಜಾನೆಯಿಂದ ನಿವೃತ್ತನಾದ ಗುಮಾಸ್ತ. ಬಿಲ್ಲು ಮೂಸಿ ಅದರಲ್ಲಿ ಎಷ್ಟು ಕತ್ತರಿಸಬಹುದೆಂದು ಹೇಳಬಲ್ಲೆ. ಈ ಎರಡು ಪ್ರತಿಭೆಗಳು ಸೇರಿ ಆನ್‌ಲೈನ್ ವ್ಯಾಪಾರಕ್ಕೆ ಇಳಿದವು ಎಂದರೆ ನಿಮ್ಮಲ್ಲಿ ಅರ್ಧ ಜನ ಮುಂದಿನದನ್ನು ಊಹಿಸಿಬಿಡುತ್ತೀರಿ. ಉಳಿದರ್ಧ ಜನರಿಗಾಗಿ ಬರೆಯುತ್ತಿದ್ದೇನೆ.

ವೆಬ್‌ಸೈಟ್ ಮಾಡಿಕೊಡಲು ಬಂದ ಹುಡುಗ ಡೊಮೇನ್ ಹೆಸರಿಗೆ ಇಷ್ಟು, ಹೋಸ್ಟಿಂಗಿಗೆ ಇಷ್ಟು, ತನ್ನ ಕೂಲಿ ಇಷ್ಟು ಎಂದು ಚೀಟಿ ಬರೆದುಕೊಟ್ಟ. ನನ್ನಾಕೆ ಪರ್ಸ್ ತರಲು ಎದ್ದಳು. ನಾನು ಹಳೇ ಚಾಳಿಯಂತೆ ಆಕ್ಷೇಪಣೆ ಎತ್ತಿದೆ.

“ಹೆಸರಿಗೂ ವರ್ಷಾ ವರ್ಷಾ ಬಾಡಿಗೆ ಏನಪ್ಪಾ? ನಮ್ಮಪ್ಪ ನನಗೆ ಹೆಸರಿಟ್ಟಾಗ ಒಂದೇ ಸಲ ಪಾಯಸದ ಊಟ ಹಾಕಿಸಿದ್ದು.”

ಹುಡುಗ ಕಾಫಿ ಕುಡಿದು ಹೋದ. “ಎಲ್ಲಾ ಬಿಟ್ಟಿ ಸಿಗತ್ತೆ ಕಣೇ, ನಾನಿದ್ದೀನಲ್ಲ” ಎಂದೆ. “ಅದೇ ಹೆದರಿಕೆ” ಎಂದು ಅವಳು ಒಳಗೆ ಹೋದಳು.

ಸಿಕ್ಕಿತು, ನಿಜವಾಗಿಯೂ ಬಿಟ್ಟಿಯಾಗಿಯೇ ಸಿಕ್ಕಿತು. ವೆಬ್‌ಸೈಟು ಒಂದು ಕಡೆ, ಆರ್ಡರ್ ಫಾರಂ ಇನ್ನೊಂದು ಕಡೆ, ಫೋಟೊ ಮತ್ತೊಂದು ಕಡೆ. ವೆಬ್‌ಸೈಟಿನ ವಿಳಾಸದಲ್ಲಿ ನಮ್ಮ ಹೆಸರಿನ ಬೆನ್ನಿಗೆ ಎರಡು ಅಡ್ಡಗೆರೆ, ಒಂದು ನಂಬರು, ಆಮೇಲೆ ಬಿಟ್ಟಿ ಕೊಟ್ಟವರ ಹೆಸರು ಅಂಟಿಕೊಂಡಿತ್ತು. ಫೋನಿನಲ್ಲಿ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಆ ಕಡೆ ಗಿರಾಕಿಯ ಮನೆಯಲ್ಲಿ ಹಾಲು ಉಕ್ಕುತ್ತಿತ್ತು. ಇನ್ನು ಜಾಹೀರಾತು. ನಮ್ಮ ಮಿಡಿ ಉಪ್ಪಿನಕಾಯಿಯ ಚಿತ್ರದ ಕೆಳಗೇ ಬಿಳಿ ಕೋಟು ತೊಟ್ಟವನೊಬ್ಬ ನಿಂತು, “ಬಿಪಿ ಇದೆಯೇ? ಇಂದೇ ಉಪ್ಪು ಬಿಡಿ” ಎನ್ನುತ್ತಿದ್ದ. ಹಪ್ಪಳದ ಪುಟದಲ್ಲಿ ಬೇರೊಬ್ಬರ ಪ್ಯಾಕೆಟ್ ಹಪ್ಪಳ, ಅದೂ ರಿಯಾಯಿತಿ ದರದಲ್ಲಿ. “ಗೋಡೆ ಅವರದು, ಪೋಸ್ಟರ್ ಅವರಿಷ್ಟ” ಎಂದು ನಾನು ಕಾನೂನು ಹೇಳಿದೆ. ಅತ್ತೆ ಮಾತ್ರ ಆ ಡಾಕ್ಟರು ಯಾವ ಆಸ್ಪತ್ರೆಯವರೆಂದು ಕೇಳುತ್ತಲೇ ಇದ್ದರು.

ಆರ್ಡರುಗಳೆಲ್ಲ ನನ್ನ ಇಮೇಲಿಗೆ ಬರುವ ಹಾಗೆ ಏರ್ಪಾಡು ಮಾಡಿದ್ದೆ, ಯಜಮಾನಿಕೆ ಬಿಡಲಾಗುತ್ತದೆಯೇ? ಬಿಟ್ಟಿ ಅಂಚೆಪೆಟ್ಟಿಗೆಗೂ ಒಂದು ತಳವಿದೆ ಎಂಬುದು ಆಗ ತಲೆಗೆ ಹೋಗಿರಲಿಲ್ಲ. ನನ್ನ ಬೀಳ್ಕೊಡುಗೆ ಸಮಾರಂಭದ ವಿಡಿಯೊವನ್ನು, ಅದರಲ್ಲೂ ನನ್ನ ಭಾಷಣದ ಭಾಗವನ್ನು, ಯಾವುದಕ್ಕೂ ಇರಲಿ ಎಂದು ಹಲವು ಪ್ರತಿಗಳಲ್ಲಿ ತುಂಬಿಟ್ಟಿದ್ದೆ. ಪೆಟ್ಟಿಗೆ ಭರ್ತಿಯಾದದ್ದು ಮಿಡಿಯ ಕಾಲದಲ್ಲೇ. ಬೆಂಗಳೂರಿನವರ ಆರ್ಡರು, ಪುಣೆಯವರ ಆರ್ಡರು ಬಾಗಿಲವರೆಗೆ ಬಂದು ಹಿಂದಿರುಗಿದವು, ಒಳಗೆ ನಾನು ಹಾರ ಹಾಕಿಕೊಂಡು ಭಾಷಣ ಮಾಡುತ್ತಿದ್ದೆ. “ಈ ವರ್ಷ ಯಾಕೋ ಯಾರೂ ಕೇಳ್ತಾ ಇಲ್ವಲ್ಲ ರೀ” ಎಂದಳು. “ಮಾರುಕಟ್ಟೆ ಮಂದ” ಎಂದು ತೀರ್ಪು ಕೊಟ್ಟೆ.

ಅದನ್ನು ಸರಿಪಡಿಸಿ ಉಸಿರು ಬಿಡುವಷ್ಟರಲ್ಲಿ ಒಂದು ಬೆಳಿಗ್ಗೆ ಅಂಗಡಿಯೇ ಇರಲಿಲ್ಲ. ಇದ್ದ ಜಾಗದಲ್ಲಿ ಬೂದು ಬಣ್ಣದ ಒಂದು ಹಾಳೆ. ನಿಮ್ಮ ಪುಟ ನಮ್ಮ ನಿಯಮಗಳಿಗೆ ವಿರುದ್ಧವಾಗಿದೆ, ಆದ್ದರಿಂದ ತೆಗೆಯಲಾಗಿದೆ. ಯಾವ ನಿಯಮ? ಬರೆದಿಲ್ಲ. ಮನೆಯಲ್ಲಿ ಪಂಚಾಯಿತಿ ಕೂತಿತು. ಹಪ್ಪಳ ಹಿಂಸಾತ್ಮಕವಲ್ಲ, ಸಂಡಿಗೆ ಅಶ್ಲೀಲವಲ್ಲ ಎಂದು ಒಂದೊಂದನ್ನೇ ದೋಷಮುಕ್ತ ಮಾಡುತ್ತ ಬಂದು ಕೊನೆಗೆ ಬಾಳಕದ ಮೆಣಸಿನಕಾಯಿಯ ಹತ್ತಿರ ನಿಂತೆವು. ಅದರ ಕೆಳಗಿನ ಒಕ್ಕಣೆ ನನ್ನದೇ: “ಕೊಲ್ಲುವ ಖಾರ! ಒಮ್ಮೆ ಕಚ್ಚಿದರೆ ಸತ್ತೇ ಹೋಗುತ್ತೀರಿ!” ಇದನ್ನು ಬರೆದ ದಿನ ನಾನು ಜಾಹೀರಾತು ಲೋಕಕ್ಕೆ ಹೋಗದೆ ಖಜಾನೆ ಸೇರಿದ್ದಕ್ಕೆ ಸಣ್ಣಗೆ ಮರುಗಿದ್ದೆ. ಅಲ್ಲಿ ಕೂತ ಯಂತ್ರ ಅದನ್ನು ಬೆದರಿಕೆ ಎಂದು ಓದಿಕೊಂಡಿತೋ, ನನ್ನ ಕನ್ನಡ ಅದಕ್ಕೆ ಸಹ್ಯವಾಗಲಿಲ್ಲವೋ, ಇವತ್ತಿಗೂ ತಿಳಿಯದು.

ಮೇಲ್ಮನವಿ ನನ್ನ ಕಸುಬು. “ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ” ಎಂದು ಆರಂಭಿಸಿ, ಉಲ್ಲೇಖ ನಮೂದಿಸಿ, ಅಡಕಗಳನ್ನು ಲಗತ್ತಿಸಿ, ಮೆಣಸಿನಕಾಯಿ ತಿಂದು ಇದುವರೆಗೆ ಯಾರೂ ಮೃತರಾಗಿಲ್ಲವೆಂದು ದೃಢೀಕರಿಸಿ ಕಳಿಸಿದೆ. ರೆಪ್ಪೆ ಬಡಿಯುವುದರೊಳಗೆ ಉತ್ತರ ಬಂತು: ಪರಿಶೀಲಿಸಿದ್ದೇವೆ, ತೀರ್ಮಾನದಲ್ಲಿ ಬದಲಾವಣೆಯಿಲ್ಲ. ಇಷ್ಟು ಬೇಗ ಕಡತ ವಿಲೇವಾರಿ ಮಾಡಿದವರನ್ನು ಸರ್ವಿಸಿನಲ್ಲಿ ನಾನು ಕಂಡಿಲ್ಲ. ಫೋನ್ ನಂಬರು ಹುಡುಕಿದೆ, ಇಲ್ಲ. ಸಹಾಯ ಎಂಬ ಗುಂಡಿ ಒತ್ತಿದರೆ ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಕರೆದೊಯ್ಯುತ್ತದೆ. ನಮ್ಮ ಪ್ರಶ್ನೆ ಯಾರೂ ಪದೇ ಪದೇ ಕೇಳುವಂಥದ್ದಲ್ಲ.

ಸಾವಿನ ಮನೆಯಲ್ಲಿ ಬೇರೆಯವರ ಸಾವಿನ ಕಥೆ ಹೇಳುವ ಹಾಗೆ ನಾನು ಅವಳನ್ನು ಸಮಾಧಾನ ಮಾಡಲು ಕೂತೆ. ಜಿಯೋಸಿಟೀಸ್ ಅಂತ ಇತ್ತು ಕಣೇ, 1999ರಲ್ಲಿ ಯಾಹೂ ನೂರಾರು ಕೋಟಿ ಡಾಲರಿಗೆ ಕೊಂಡುಕೊಂಡಿತು, ಬಿಟ್ಟಿ ಪುಟಗಳ ಊರಿಗೆ ಊರೇ ಅಲ್ಲಿತ್ತು. 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬಾಗಿಲು ಹಾಕಿತು. ಗೂಗಲ್ ಸಣ್ಣ ಅಂಗಡಿಯವರಿಗೆ ಬಿಸಿನೆಸ್ ಪ್ರೊಫೈಲಿನ ಜೊತೆ ಬಿಟ್ಟಿ ವೆಬ್‌ಸೈಟ್ ಮಾಡಿಕೊಡುತ್ತಿತ್ತು, 2024ರ ಮಾರ್ಚಿನಲ್ಲಿ ಅದೂ ನಿಂತಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಒಟ್ಟಿಗೇ ಸುಮಾರು ಆರು ಗಂಟೆ ಮಲಗಿದವು, ಅವುಗಳ ಮೇಲೆ ವ್ಯಾಪಾರ ಇಟ್ಟವರೂ ಮಲಗಿದರು. ಫೋಟೊಬಕೆಟ್ ಕಥೆ ಕೇಳು: ಆನ್‌ಲೈನಿನಲ್ಲಿ ಮಾರುವವರೆಲ್ಲ ತಮ್ಮ ಸಾಮಾನಿನ ಫೋಟೊ ಅಲ್ಲಿಟ್ಟು ಬೇರೆ ಕಡೆ ತೋರಿಸುತ್ತಿದ್ದರು, 2017ರಲ್ಲಿ ಇದ್ದಕ್ಕಿದ್ದಂತೆ, ಹಾಗೆ ತೋರಿಸಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರ್ ಕಟ್ಟಿ ಎಂದರು. ಕಟ್ಟದವರ ಅಂಗಡಿಯಲ್ಲಿ ಫೋಟೊ ಇದ್ದಲ್ಲೆಲ್ಲ ಒಂದು ಮೀಟರಿನ ಚಿತ್ರ.

ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. “ಇಷ್ಟೆಲ್ಲಾ ನಿಮಗೆ ಯಾವಾಗ ಗೊತ್ತಾಯ್ತು ರೀ?”

“ನಿನ್ನೆ ರಾತ್ರಿ.”

ಆಮೇಲೆ ಅವಳು ಗೋಡೆಗೆ ಕಟ್ಟು ಹಾಕಿ ತೂಗುಹಾಕಿದ ಎಫ್‌ಎಸ್‌ಎಸ್‌ಎಐ ನೋಂದಣಿ ಪತ್ರ ತೋರಿಸಿದಳು. ನನ್ನ ಮಾತು ಕೇಳದೆ ವರ್ಷಕ್ಕೆ 100 ರೂಪಾಯಿಯಂತೆ ಅವಳೇ ಕಟ್ಟಿದ್ದು. “ನೂರು ರೂಪಾಯಿ ಕೊಟ್ಟೆ, ಹದಿನಾಲ್ಕು ಅಂಕಿ ನಂಬರ್ ಕೊಟ್ರು, ರಸೀದಿ ಕೊಟ್ರು. ಏನಾದ್ರೂ ಆದ್ರೆ ಆಫೀಸಿಗೆ ಹೋಗಿ ಜಗಳ ಆಡ್ಬಹುದು. ನಿಮ್ಮ ಬಿಟ್ಟಿ ಅಂಗಡಿಯವರ ಹತ್ತಿರ ಜಗಳ ಆಡೋಕೆ ನಿಮ್ಮ ಹತ್ತಿರ ಏನಿದೆ?”

ಏನೂ ಇರಲಿಲ್ಲ. ದುಡ್ಡು ಕೊಟ್ಟವನಿಗೆ ಕೂಗಾಡುವ ಹಕ್ಕಾದರೂ ಇರುತ್ತದೆ, ಬಿಟ್ಟಿ ಗಿರಾಕಿ ಯಾರ ಮೇಲೆ ಕೂಗಬೇಕು? ಮದುವೆಯಾದಂದಿನಿಂದ ನಾನು ಕಲಿಯದಿದ್ದ ಲೆಕ್ಕಶಾಸ್ತ್ರವನ್ನು ಅವಳು ಹಪ್ಪಳ ಲಟ್ಟಿಸುತ್ತಲೇ ಹೇಳಿಕೊಟ್ಟಳು.

ಅದೇ ವಾರ ಅವಳು ಚೀಟಿಯ ಹುಡುಗನನ್ನು ಕರೆಸಿದಳು. ಅವನ ದರ ಏರಿತ್ತು. ನಾನು ಬಾಯಿ ತೆರೆಯುವ ಮೊದಲೇ ದುಡ್ಡು ಎಣಿಸಿಕೊಟ್ಟಳು. ಸ್ವಂತ ಹೆಸರಿನ ವಿಳಾಸ ಬಂತು, ಅವಳ ಹೆಸರಿನಲ್ಲೇ. ಆರ್ಡರ್ ನೋಡಿಕೊಳ್ಳಲು ಪಕ್ಕದ ಬೀದಿಯ ಬಿ.ಕಾಂ. ಹುಡುಗಿಗೆ ತಿಂಗಳ ಸಂಬಳ ಗೊತ್ತಾಯಿತು. ಅವಳು ಪ್ರತಿ ಶನಿವಾರ ಗಿರಾಕಿಗಳ ಪಟ್ಟಿಯ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿ ನನ್ನಾಕೆಯ ಕೈಗೆ ಕೊಡುತ್ತಾಳೆ. ಅದು ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆಯ ಪಕ್ಕ ಇರುತ್ತದೆ, ನನ್ನ ಕೈಗೆ ಎಟುಕದ ಗೂಡಿನಲ್ಲಿ.

“ಹಾಗಾದ್ರೆ ನಾನು?” ಎಂದೆ.

“ನೀವೂ ಒಂದು ಬಿಟ್ಟಿ ಸೇವೇನೇ ಅಲ್ವಾ? ಕೇಳಿದಾಗ ಇರಲ್ಲ, ಕೇಳದೆ ನಿಯಮ ಬದಲಾಯಿಸ್ತೀರಿ, ಮಧ್ಯೆ ಮಧ್ಯೆ ನಿಮ್ಮದೇ ಜಾಹೀರಾತು.” ಅತ್ತೆ ಇದಕ್ಕೆ ನಕ್ಕಷ್ಟು ನನ್ನ ಯಾವ ಹಾಸ್ಯಕ್ಕೂ ನಕ್ಕಿಲ್ಲ. ಈಗ ನಾನು ಬಾಟಲಿಗೆ ಲೇಬಲ್ ಅಂಟಿಸುವ ವಿಭಾಗದಲ್ಲಿದ್ದೇನೆ. ಒಕ್ಕಣೆ ಬರೆಯುವ ಅಧಿಕಾರವನ್ನು ಹಿಂಪಡೆಯಲಾಗಿದೆ.

ಹಳೆಯ ಗಿರಾಕಿಗಳಲ್ಲಿ ಒಂದು ವಿನಂತಿ. ಮಿಡಿ ಉಪ್ಪಿನಕಾಯಿಗೆ ಮುಂಗಡ ಕೊಟ್ಟವರು ಕೆಲವರು ಇದ್ದೀರಿ ಎಂದು ನಮಗೆ ಗೊತ್ತು, ಯಾರು ಯಾರು ಎಂದು ಗೊತ್ತಿಲ್ಲ. ಪಟ್ಟಿ ಆ ಬೂದು ಹಾಳೆಯ ಹಿಂದೆ ಉಳಿದುಹೋಗಿದೆ. ದಯವಿಟ್ಟು ಫೋನ್ ಮಾಡಿ, ನನಗಲ್ಲ, ಅವಳಿಗೆ. ಬಾಕಿ ಬಾಟಲಿ ತಪ್ಪದೆ ಕಳಿಸುತ್ತಾಳೆ. ಕೊರಿಯರ್ ಖರ್ಚು ಬೇರೆ.